ಜಾರ್ಜಿ ವೊರೊನೊಯ್

ಜಾರ್ಜಿ ಫಿಯೊಡೊಸೆವಿಚ್ ವೊರೊನೊಯ್ (೨೮ ಏಪ್ರಿಲ್ ೧೮೬೮ – ೨೦ ನವೆಂಬರ್ ೧೯೦೮) ರಷ್ಯನ್ ಸಾಮ್ರಾಜ್ಯದ ಕಾಲದಲ್ಲಿ ಬಾಳಿದ, ಉಕ್ರೇನ್ ಮೂಲದ ಗಣಿತಜ್ಞರು. ಸಂಖ್ಯಾಸಿದ್ಧಾಂತ ಇವರ ಮುಖ್ಯ ಕ್ಷೇತ್ರ. ಆದರೆ ಇಂದು ಇವರ ಹೆಸರು ಹೆಚ್ಚಾಗಿ ಕೇಳಿಬರುವುದು 'ವೊರೊನೊಯ್ ರೇಖಾಚಿತ್ರ'ದ ಮೂಲಕ. ಅಲ್ಲಲ್ಲಿ ಚದುರಿರುವ ಮಳೆಮಾಪಕಗಳ ಅಳತೆಗಳಿಂದ ಇಡೀ ಪ್ರದೇಶದ ಸರಾಸರಿ ಮಳೆಯನ್ನು ಗಣಕಯಂತ್ರದಲ್ಲಿ ಅಂದಾಜು ಮಾಡುವ ಒಂದು ಪ್ರಸಿದ್ಧ ವಿಧಾನಕ್ಕೆ ಈ ರೇಖಾಚಿತ್ರವೇ ಆಧಾರವಾಗಿದೆ.

ಜನನ ಮತ್ತು ಶಿಕ್ಷಣ

ವೊರೊನೊಯ್ ಅವರು ಅಂದಿನ ಪೊಲ್ಟಾವಾ ಪ್ರಾಂತ್ಯದ ಝುರಾವ್ಕಾ ಎಂಬ ಹಳ್ಳಿಯಲ್ಲಿ ಜನಿಸಿದರು. ಈ ಊರು ಈಗ ಉಕ್ರೇನ್ ದೇಶದಲ್ಲಿದೆ. ಇವರ ತಂದೆ ಸಾಹಿತ್ಯದ ಅಧ್ಯಾಪಕರಾಗಿದ್ದರು. ಪ್ರಿಲುಕಿ ಪಟ್ಟಣದ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗಲೇ ಬೀಜಗಣಿತದಲ್ಲಿ ಆಸಕ್ತಿ ತಳೆದ ವೊರೊನೊಯ್, ಬಹುಪದೋಕ್ತಿಗಳ ಅಪವರ್ತನದ ಕುರಿತು ಬರೆದ ಲೇಖನವು ೧೮೮೫ರಲ್ಲಿ ನಿಯತಕಾಲಿಕವೊಂದರಲ್ಲಿ ಪ್ರಕಟವಾಯಿತು.

ಅದೇ ವರ್ಷ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯವನ್ನು ಸೇರಿದರು. ಹಣದ ಅಡಚಣೆಯಿಂದಾಗಿ ಮನೆಪಾಠ ಹೇಳಿ ಖರ್ಚು ತೂಗಿಸಬೇಕಾಯಿತು. ಅಲ್ಲಿ ಆಂದ್ರೇ ಮಾರ್ಕೊವ್ ಇವರಿಗೆ ಮಾರ್ಗದರ್ಶಕರಾದರು. ಘನ ಸಮೀಕರಣಗಳಿಗೆ ಸಂಬಂಧಿಸಿದ ಬೀಜಗಣಿತೀಯ ಪೂರ್ಣಾಂಕಗಳ ಮೇಲಿನ ಪ್ರಬಂಧಕ್ಕೆ ೧೮೯೪ರಲ್ಲಿ ಸ್ನಾತಕೋತ್ತರ ಪದವಿಯೂ, ಸತತ ಭಿನ್ನರಾಶಿಗಳನ್ನು ವಿಸ್ತರಿಸುವ ವಿಧಾನದ ಮೇಲಿನ ಪ್ರಬಂಧಕ್ಕೆ ೧೮೯೭ರಲ್ಲಿ ಡಾಕ್ಟರೇಟ್ ಪದವಿಯೂ ದೊರೆತವು. ಎರಡೂ ಪ್ರಬಂಧಗಳು ಬುನ್ಯಾಕೊವ್‌ಸ್ಕಿ ಪ್ರಶಸ್ತಿಗೆ ಪಾತ್ರವಾದವು.

ವೃತ್ತಿಜೀವನ

೧೮೯೪ರಲ್ಲಿ ವೊರೊನೊಯ್ ವಾರ್ಸಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಆಗ ವಾರ್ಸಾ ರಷ್ಯಾದ ಆಳ್ವಿಕೆಗೆ ಒಳಪಟ್ಟಿತ್ತು. ಮುಂದೆ ಪ್ರಸಿದ್ಧರಾದ ಪೋಲೆಂಡಿನ ಗಣಿತಜ್ಞ ವಾಕ್ಲಾವ್ ಸಿಯೆರ್ಪಿನ್‌ಸ್ಕಿ ಇವರ ಶಿಷ್ಯರಲ್ಲೊಬ್ಬರು. ೧೯೦೪ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ, ತಮ್ಮಂತೆಯೇ ಸಂಖ್ಯೆಗಳ ಜ್ಯಾಮಿತಿಯಲ್ಲಿ ತೊಡಗಿದ್ದ ಹರ್ಮನ್ ಮಿಂಕೊವ್‌ಸ್ಕಿ ಅವರನ್ನು ಭೇಟಿಯಾದರು. ೧೯೦೫ರ ರಾಜಕೀಯ ಕ್ಷೋಭೆಯಿಂದ ವಿಶ್ವವಿದ್ಯಾಲಯ ಮುಚ್ಚಿದುದರಿಂದ ಕೆಲಕಾಲ ನೊವೊಚೆರ್ಕಾಸ್ಕ್ ನಗರದಲ್ಲಿ ಬೋಧಿಸಿದರು.

ಅನಾರೋಗ್ಯ ಮತ್ತು ಮರಣ

ಪಿತ್ತಕೋಶದ ಕಾಯಿಲೆ ಇವರನ್ನು ಬಹುಕಾಲ ಕಾಡಿತು. ಹೆಚ್ಚು ದುಡಿದಷ್ಟೂ ನೋವು ಉಲ್ಬಣಿಸುತ್ತಿತ್ತು. ಹೀಗಿದ್ದರೂ ವರ್ಗರೂಪಗಳ ಕುರಿತ ತಮ್ಮ ಮಹತ್ವದ ಲೇಖನಗಳನ್ನು ಅವರು ಈ ಅವಧಿಯಲ್ಲಿಯೇ ಸಿದ್ಧಪಡಿಸಿದರು. ಫ್ರೆಂಚ್ ಭಾಷೆಯಲ್ಲಿದ್ದ ಈ ಲೇಖನಗಳು ೧೯೦೮ ಮತ್ತು ೧೯೦೯ರಲ್ಲಿ ಜರ್ಮನಿಯ ಕ್ರೆಲ್ ನಿಯತಕಾಲಿಕದಲ್ಲಿ ಅಚ್ಚಾದವು. ಕೊನೆಯ ಭಾಗ ಹೊರಬರುವ ಮುನ್ನವೇ, ತಮ್ಮ ನಲವತ್ತನೆಯ ವಯಸ್ಸಿನಲ್ಲಿ, ಅವರು ವಾರ್ಸಾದಲ್ಲಿ ನಿಧನರಾದರು. ಹುಟ್ಟೂರಾದ ಝುರಾವ್ಕಾದಲ್ಲಿ ಅವರ ಅಂತ್ಯಸಂಸ್ಕಾರ ನಡೆಯಿತು.

ವೊರೊನೊಯ್ ರೇಖಾಚಿತ್ರ

ಸಮತಲದ ಮೇಲೆ ಕೆಲವು ಬಿಂದುಗಳಿವೆ ಎಂದುಕೊಳ್ಳೋಣ. ಪ್ರತಿಯೊಂದು ಸ್ಥಳವನ್ನೂ ಅದಕ್ಕೆ ಅತ್ಯಂತ ಸಮೀಪದ ಬಿಂದುವಿಗೆ ಸೇರಿಸಿದರೆ ಸಮತಲವು ಬಹುಭುಜಾಕೃತಿಗಳಾಗಿ ಹಂಚಿಹೋಗುತ್ತದೆ. ನೆರೆಯ ಎರಡು ಬಿಂದುಗಳನ್ನು ಕೂಡಿಸುವ ರೇಖೆಯ ಲಂಬಾರ್ಧಕವೇ ಅವುಗಳ ನಡುವಿನ ಗಡಿ. ೧೮೫೦ರಲ್ಲಿ ಡಿರಿಕ್ಲೆ ಎರಡು ಮತ್ತು ಮೂರು ಆಯಾಮಗಳಲ್ಲಿ ಇದನ್ನು ಬಳಸಿದ್ದರು. ವೊರೊನೊಯ್ ಅದನ್ನು ಎಷ್ಟೇ ಆಯಾಮಗಳಿಗಾದರೂ ಅನ್ವಯಿಸುವಂತೆ ವಿಸ್ತರಿಸಿದರು.

ಮಳೆಯ ಅಂದಾಜಿನಲ್ಲಿ ಬಳಕೆ

ಮಳೆಮಾಪಕವು ತಾನಿರುವ ಸ್ಥಳದ ಮಳೆಯನ್ನು ಮಾತ್ರ ಅಳೆಯುತ್ತದೆ. ಪ್ರವಾಹದ ಮುನ್ಸೂಚನೆಗೂ ಜಲಾಶಯಗಳ ನಿರ್ವಹಣೆಗೂ ಬೇಕಾದುದು ಇಡೀ ಜಲಾನಯನ ಪ್ರದೇಶದ ಮಳೆ. ೧೯೧೧ರಲ್ಲಿ ಅಮೆರಿಕದ ಹವಾಮಾನ ತಜ್ಞ ಆಲ್‌ಫ್ರೆಡ್ ಥೀಸೆನ್ ಪ್ರತಿ ಮಾಪಕಕ್ಕೂ ಅದರ ಸುತ್ತಲಿನ ಸಮೀಪ ಪ್ರದೇಶದ ವಿಸ್ತೀರ್ಣಕ್ಕೆ ತಕ್ಕ ಪ್ರಾಮುಖ್ಯ ನೀಡುವ ವಿಧಾನವನ್ನು ಸೂಚಿಸಿದರು. ಆದ್ದರಿಂದ ಜಲವಿಜ್ಞಾನದಲ್ಲಿ ಇವೇ ಆಕೃತಿಗಳಿಗೆ 'ಥೀಸೆನ್ ಬಹುಭುಜಾಕೃತಿ' ಎಂಬ ಹೆಸರಿದೆ.

ಉದಾಹರಣೆಗೆ, ೧೦೦ ಚದರ ಕಿಲೋಮೀಟರಿನ ಪ್ರದೇಶದಲ್ಲಿ ಮೂರು ಮಾಪಕಗಳಿದ್ದು, ಅವುಗಳ ಪಾಲಿಗೆ ಕ್ರಮವಾಗಿ ೫೦, ೩೦ ಮತ್ತು ೨೦ ಚದರ ಕಿಲೋಮೀಟರ್ ಬಂದಿವೆ ಎನ್ನೋಣ. ಅಲ್ಲಿ ಬಿದ್ದ ಮಳೆ ಕ್ರಮವಾಗಿ ೧೦, ೪೦ ಮತ್ತು ೬೦ ಮಿಲಿಮೀಟರ್ ಆಗಿದ್ದರೆ ಸಾಮಾನ್ಯ ಸರಾಸರಿ ಸುಮಾರು ೩೬.೭ ಮಿಲಿಮೀಟರ್ ಆಗುತ್ತದೆ. ವಿಸ್ತೀರ್ಣವನ್ನು ಗಣನೆಗೆ ತೆಗೆದುಕೊಂಡರೆ ೫ + ೧೨ + ೧೨, ಅಂದರೆ ೨೯ ಮಿಲಿಮೀಟರ್ ಮಾತ್ರ.

ಹಿಂದೆ ನಕ್ಷೆಯ ಮೇಲೆ ಕೈಯಿಂದ ಗೆರೆ ಎಳೆದು ಮಾಡುತ್ತಿದ್ದ ಈ ಕೆಲಸವನ್ನು ಇಂದು ಕ್ಯೂಜಿಐಎಸ್‌ನಂತಹ ಭೌಗೋಳಿಕ ಮಾಹಿತಿ ತಂತ್ರಾಂಶಗಳು ಕ್ಷಣಾರ್ಧದಲ್ಲಿ ಮಾಡುತ್ತವೆ. ಮಾಪಕವೊಂದು ಕೆಟ್ಟುನಿಂತರೆ ಬಹುಭುಜಾಕೃತಿಗಳನ್ನು ಹೊಸದಾಗಿ ರಚಿಸಬೇಕಾಗುವುದರಿಂದ ತಂತ್ರಾಂಶದ ನೆರವು ಬಹಳ ಉಪಯುಕ್ತ. ಆದರೆ ಈ ವಿಧಾನವು ಬೆಟ್ಟಗಳ ಎತ್ತರವನ್ನು ಪರಿಗಣಿಸುವುದಿಲ್ಲ. ಗಡಿಯಲ್ಲಿ ಮಳೆಯ ಪ್ರಮಾಣ ಒಮ್ಮೆಲೇ ಬದಲಾಗುವಂತೆ ತೋರಿಸುತ್ತದೆ. ಆದುದರಿಂದ ಗುಡ್ಡಗಾಡು ಪ್ರದೇಶಗಳಲ್ಲಿ ಸಮವೃಷ್ಟಿ ರೇಖೆ, ಕ್ರಿಗಿಂಗ್ ಮೊದಲಾದ ವಿಧಾನಗಳನ್ನೂ ಅನುಸರಿಸುತ್ತಾರೆ.

ಕುಟುಂಬ ಮತ್ತು ಸ್ಮರಣೆ

ವೊರೊನೊಯ್ ಅವರ ಪತ್ನಿ ಓಲ್ಗಾ ಕ್ರಿಟ್ಸ್ಕಾ. ಇವರ ಮಗ ಯೂರಿ ವೊರೊನೊಯ್ ೧೯೩೩ರಲ್ಲಿ ಒಬ್ಬ ಮನುಷ್ಯನ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಕಸಿ ಮಾಡಿದ ಮೊದಲ ಶಸ್ತ್ರವೈದ್ಯರು. ೨೦೦೮ರಲ್ಲಿ ಉಕ್ರೇನ್ ರಾಷ್ಟ್ರೀಯ ಬ್ಯಾಂಕು ಗಣಿತಜ್ಞ ವೊರೊನೊಯ್ ಅವರ ಸ್ಮರಣಾರ್ಥ ೨ ಹ್ರಿವ್ನಿಯಾ ಮುಖಬೆಲೆಯ ನಾಣ್ಯವನ್ನು ಹೊರತಂದಿತು.