ಬಾರ್ಬರಾ ಮೆಕ್‌ಕ್ಲಿಂಟಾಕ್

ಬಾರ್ಬರಾ ಮೆಕ್‌ಕ್ಲಿಂಟಾಕ್ (16 ಜೂನ್ 1902 – 2 ಸೆಪ್ಟೆಂಬರ್ 1992) ಅಮೆರಿಕದ ತಳಿವಿಜ್ಞಾನಿ. ಮೆಕ್ಕೆಜೋಳದ (ಉತ್ತರ ಕರ್ನಾಟಕದ ಗೋವಿನಜೋಳ) ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನು ಅಭ್ಯಸಿಸುತ್ತ, ವರ್ಣತಂತುವಿನ ಕೆಲವು ತುಣುಕುಗಳು ತಮ್ಮ ಸ್ಥಾನದಿಂದ ಬಿಡಿಸಿಕೊಂಡು ಬೇರೆಡೆ ಸೇರಿಕೊಳ್ಳುತ್ತವೆ ಎಂಬುದನ್ನು ಇವರು ಕಂಡುಹಿಡಿದರು. ಇದಕ್ಕಾಗಿ 1983ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಆ ವಿಭಾಗದ ಪ್ರಶಸ್ತಿಯನ್ನು ಯಾರೊಡನೆಯೂ ಹಂಚಿಕೊಳ್ಳದೆ ಪಡೆದ ಮಹಿಳೆ ಇವರೊಬ್ಬರೇ. ಡಿಎನ್‌ಎಯನ್ನು ಕತ್ತರಿಸಿ ಜೋಡಿಸುವ ಕಿಣ್ವಗಳ ಹೆಸರೂ ತಿಳಿಯದಿದ್ದ ಕಾಲದಲ್ಲಿ ಅವುಗಳ ಕೆಲಸದ ಫಲವನ್ನು ಜೋಳದ ತೆನೆಯ ಮೇಲೆ ಓದಿದವರು ಇವರು.

ಬಾಲ್ಯ ಮತ್ತು ಶಿಕ್ಷಣ

ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಜನನ. ತಂದೆ ಹೋಮಿಯೋಪಥಿ ವೈದ್ಯರು. ನಾಲ್ವರು ಮಕ್ಕಳಲ್ಲಿ ಮೂರನೆಯವರಾದ ಬಾರ್ಬರಾ ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಮಗಳು ಹೆಚ್ಚು ಓದಿದರೆ ಮದುವೆಯಾಗುವುದು ಕಷ್ಟವೆಂದು ತಾಯಿ ಕಾಲೇಜು ಶಿಕ್ಷಣವನ್ನು ವಿರೋಧಿಸಿದರು. ಈ ಮಾತು ನಮ್ಮ ಊರುಗಳಿಗೂ ಹೊಸದಲ್ಲ. ಮೊದಲ ಮಹಾಯುದ್ಧದ ಸೇವೆ ಮುಗಿಸಿ ಮರಳಿದ ತಂದೆಯ ಬೆಂಬಲದಿಂದ 1919ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜನ್ನು ಸೇರಿ, 1927ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅವರು ಕೊನೆಯವರೆಗೂ ಅವಿವಾಹಿತರಾಗಿದ್ದರು.

ವರ್ಣತಂತುಗಳ ಅಧ್ಯಯನ

ಮೆಕ್ಕೆಜೋಳದ ಹತ್ತು ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಗುರುತಿಸುವ ವಿಧಾನವನ್ನು ಮೆಕ್‌ಕ್ಲಿಂಟಾಕ್ ರೂಪಿಸಿದರು. 1931ರಲ್ಲಿ ತಮ್ಮ ವಿದ್ಯಾರ್ಥಿನಿ ಹ್ಯಾರಿಯೆಟ್ ಕ್ರೈಟನ್ ಅವರೊಡನೆ ಒಂದು ಮುಖ್ಯ ಪ್ರಬಂಧವನ್ನು ಪ್ರಕಟಿಸಿದರು. ಒಂಬತ್ತನೆಯ ವರ್ಣತಂತುವಿನ ಒಂದು ತುದಿಯಲ್ಲಿ ಗಂಟು, ಇನ್ನೊಂದು ತುದಿಯಲ್ಲಿ ಬೇರೆ ವರ್ಣತಂತುವಿನಿಂದ ಬಂದ ತುಣುಕು ಇದ್ದ ಗಿಡಗಳನ್ನು ಅವರು ಆರಿಸಿಕೊಂಡಿದ್ದರು. ಸಂತತಿಯಲ್ಲಿ ಗುಣಗಳು ಹೊಸ ರೀತಿಯಲ್ಲಿ ಸೇರಿಕೊಂಡಾಗಲೆಲ್ಲ ಈ ಗುರುತುಗಳೂ ಅದಲುಬದಲಾಗಿದ್ದವು. ಜೀನುಗಳ ಮರುಸಂಯೋಜನೆಯೆಂದರೆ ವರ್ಣತಂತುಗಳು ನಿಜವಾಗಿಯೇ ತುಂಡಾಗಿ ಒಂದಕ್ಕೊಂದು ಕೂಡುವುದು ಎಂಬುದಕ್ಕೆ ಇದರಿಂದ ಪುರಾವೆ ಸಿಕ್ಕಿತು. ಹಣ್ಣುನೊಣದಲ್ಲಿ ಇದೇ ಸಂಗತಿಯನ್ನು ಕರ್ಟ್ ಸ್ಟರ್ನ್ ಅದೇ ವರ್ಷ ತೋರಿಸಿದರು.

1936ರಿಂದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ತಮಗೆ ಭವಿಷ್ಯವಿಲ್ಲವೆಂದು ಮನಗಂಡು 1941ರಲ್ಲಿ ಹೊರಬಂದು ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯವನ್ನು ಸೇರಿದರು. ಮುಂದಿನ ಅರ್ಧ ಶತಮಾನ ಅದೇ ಅವರ ಕಾರ್ಯಕ್ಷೇತ್ರವಾಯಿತು.

ಸ್ಥಾನ ಬದಲಿಸುವ ಜೀನುಗಳು

1944ರ ನಂತರದ ಬೆಳೆಗಳಲ್ಲಿ ಮೆಕ್‌ಕ್ಲಿಂಟಾಕ್ ಒಂದು ವಿಚಿತ್ರವನ್ನು ಗಮನಿಸಿದರು. ಕೆಲವು ಗಿಡಗಳಲ್ಲಿ ಒಂಬತ್ತನೆಯ ವರ್ಣತಂತು ಎಲ್ಲೆಂದರಲ್ಲಿ ಮುರಿಯದೆ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಮುರಿಯುತ್ತಿತ್ತು. ಆ ಜಾಗದಲ್ಲಿದ್ದ ಘಟಕವನ್ನು ಡಿಸೋಸಿಯೇಶನ್ ಎಂದು ಕರೆದರು. ಅದು ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ. ಆಕ್ಟಿವೇಟರ್ ಎಂಬ ಎರಡನೆಯ ಘಟಕ ಅದೇ ಜೀವಕೋಶದಲ್ಲಿದ್ದರೆ ಮಾತ್ರ ಎಚ್ಚರಗೊಳ್ಳುತ್ತಿತ್ತು. 1948ರ ವೇಳೆಗೆ ಈ ಎರಡೂ ವರ್ಣತಂತುವಿನ ಮೇಲೆ ಸ್ಥಳಾಂತರವಾಗುತ್ತವೆ ಎಂಬುದು ಖಚಿತವಾಯಿತು.

ಕಾಳಿನ ಬಣ್ಣದಿಂದ ಇದನ್ನು ಸುಲಭವಾಗಿ ತಿಳಿಯಬಹುದು. ಕಾಳಿನ ಹೊರಪದರಕ್ಕೆ ನೇರಳೆ ಬಣ್ಣ ಕೊಡುವ ಜೀನಿನೊಳಗೆ ಡಿಸೋಸಿಯೇಶನ್ ನುಸುಳಿದರೆ ಜೀನು ಕೆಡುತ್ತದೆ, ಕಾಳು ಬಣ್ಣಗೆಡುತ್ತದೆ. ಕಾಳು ಬೆಳೆಯುತ್ತಿರುವಾಗ ಯಾವುದೋ ಒಂದು ಜೀವಕೋಶದಲ್ಲಿ ಅದು ಹೊರಬಿದ್ದರೆ ಆ ಕೋಶದ ಸಂತತಿಯಲ್ಲೆಲ್ಲ ಬಣ್ಣ ಮರಳುತ್ತದೆ. ಬೇಗ ಹೊರಬಿದ್ದರೆ ಮಚ್ಚೆ ದೊಡ್ಡದು, ತಡವಾದರೆ ಸಣ್ಣ ಚುಕ್ಕೆ. ಹೀಗೆ ಚುಕ್ಕೆಯ ಗಾತ್ರವನ್ನು ನೋಡಿಯೇ ಘಟನೆ ನಡೆದ ಹೊತ್ತನ್ನು ಮೆಕ್‌ಕ್ಲಿಂಟಾಕ್ ಹೇಳಬಲ್ಲವರಾಗಿದ್ದರು.

1950ರಲ್ಲಿ ಪ್ರಬಂಧ ಪ್ರಕಟವಾಯಿತು. 1951ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ವಿಚಾರ ಸಂಕಿರಣದಲ್ಲಿ ಅದನ್ನು ಮಂಡಿಸಿದರು. ಜೀನುಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಸ್ಥಿರವೆಂದು ನಂಬಿದ್ದ ಕಾಲವದು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬ ಕಥೆ ಜನಪ್ರಿಯವಾದರೂ ಪೂರ್ಣ ಸತ್ಯವಲ್ಲ. 1944ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ, 1945ರಲ್ಲಿ ಅಮೆರಿಕದ ತಳಿವಿಜ್ಞಾನ ಸಂಘದ ಅಧ್ಯಕ್ಷತೆ ಅವರಿಗೆ ದೊರೆತಿದ್ದವು. ಮೆಕ್ಕೆಜೋಳದ ತಜ್ಞರು ಸ್ಥಳಾಂತರವನ್ನು ಒಪ್ಪಿದ್ದರು. ಈ ಘಟಕಗಳೇ ಜೀನುಗಳನ್ನು ನಿಯಂತ್ರಿಸಿ ಗಿಡದ ಬೆಳವಣಿಗೆಯನ್ನು ನಡೆಸುತ್ತವೆ ಎಂಬ ಅವರ ವಾದವನ್ನು ಒಪ್ಪಲಿಲ್ಲ. ಆ ವಾದ ಅವರು ಹೇಳಿದ ರೂಪದಲ್ಲಿ ಮುಂದೆಯೂ ನಿಲ್ಲಲಿಲ್ಲ. ಆದರೂ ತಿಳಿಯಗೊಡಲಾಗದ ಬೇಸರ ಅವರನ್ನು ತಟ್ಟಿತು. 1953ರ ನಂತರ ಈ ವಿಷಯದ ವಿವರಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ಸಂಸ್ಥೆಯ ವಾರ್ಷಿಕ ವರದಿಗಳಲ್ಲಿ ಬರೆಯುತ್ತ ಕೆಲಸ ಮುಂದುವರಿಸಿದರು.

ಕಿಣ್ವದ ಪತ್ತೆ

1960ರ ದಶಕದ ಕೊನೆಗೆ ಬ್ಯಾಕ್ಟೀರಿಯಾಗಳಲ್ಲಿಯೂ ಸ್ಥಾನ ಬದಲಿಸುವ ಡಿಎನ್‌ಎ ತುಣುಕುಗಳು ಸಿಕ್ಕವು. 1980ರ ದಶಕದಲ್ಲಿ ನೀನಾ ಫೆಡೊರಾಫ್ ಮತ್ತು ಸಂಗಡಿಗರು ಆಕ್ಟಿವೇಟರನ್ನೇ ಪ್ರತ್ಯೇಕಿಸಿದರು. ಅದು ಸುಮಾರು 4,500 ಪ್ರತ್ಯಾಮ್ಲ ಜೋಡಿಗಳ ತುಣುಕು. ಟ್ರಾನ್ಸ್‌ಪೋಸೇಸ್ ಎಂಬ ಕಿಣ್ವವನ್ನು ತಯಾರಿಸುವ ಸೂಚನೆ ಅದರಲ್ಲಿದೆ. ತುಣುಕಿನ ಎರಡು ತುದಿಗಳಲ್ಲಿ 11 ಪ್ರತ್ಯಾಮ್ಲ ಜೋಡಿಗಳ, ಒಂದಕ್ಕೊಂದು ತಿರುವುಮುರುವಾದ ಗುರುತುಗಳಿವೆ. ಕಿಣ್ವವು ತುದಿಗಳನ್ನು ಗುರುತಿಸಿ, ಕತ್ತರಿಸಿ, ತುಣುಕನ್ನು ಇನ್ನೊಂದೆಡೆ ಸೇರಿಸುತ್ತದೆ. ಸೇರುವ ಜಾಗದ 8 ಪ್ರತ್ಯಾಮ್ಲ ಜೋಡಿಗಳು ಇಮ್ಮಡಿಯಾಗಿ ಎರಡೂ ಬದಿಗೆ ಉಳಿಯುತ್ತವೆ. ಡಿಸೋಸಿಯೇಶನ್ ಘಟಕದಲ್ಲಿ ತುದಿಗಳಿವೆ, ಕಿಣ್ವ ತಯಾರಿಸುವ ಶಕ್ತಿಯಿಲ್ಲ. ಆಕ್ಟಿವೇಟರ್ ಇಲ್ಲದೆ ಅದು ಕದಲದಿರಲು ಇದೇ ಕಾರಣ. ಮೆಕ್‌ಕ್ಲಿಂಟಾಕ್ ಗಿಡಗಳ ಸಂಕರದಿಂದಲೇ ಕಂಡುಕೊಂಡ ಸಂಬಂಧಕ್ಕೆ ಅಣುಮಟ್ಟದ ವಿವರಣೆ ದೊರೆತಂತಾಯಿತು.

ಟ್ರಾನ್ಸ್‌ಪೋಸೇಸ್ ಬಿಡಿಸುವ ತುಣುಕಿನ ತುದಿಗಳು ನಿಶ್ಚಿತ, ಸೇರಿಸುವ ಜಾಗ ಅಷ್ಟು ನಿಶ್ಚಿತವಲ್ಲ. ಎರಡೂ ಜಾಗಗಳು ನಿಶ್ಚಿತವಾಗಿರುವ ಕ್ರಿಯೆಗೆ ಸ್ಥಳನಿರ್ದಿಷ್ಟ ಮರುಸಂಯೋಜನೆ ಎನ್ನುತ್ತಾರೆ. ಲ್ಯಾಂಬ್ಡಾ ಎಂಬ ವೈರಸ್ಸು ಇಂಟಿಗ್ರೇಸ್ ಕಿಣ್ವದ ನೆರವಿನಿಂದ ಬ್ಯಾಕ್ಟೀರಿಯಾದ ವರ್ಣತಂತುವಿನ ಗೊತ್ತಾದ ಜಾಗದಲ್ಲಿ ಸೇರಿಕೊಳ್ಳುವುದು ಇದರ ಪ್ರಸಿದ್ಧ ನಿದರ್ಶನ. ಇಂಥ ಕಿಣ್ವಗಳು ಕತ್ತರಿಸಿದ ತುದಿಯನ್ನು ಕೈಬಿಡದೆ ತಮಗೇ ರಾಸಾಯನಿಕವಾಗಿ ಬಂಧಿಸಿಕೊಂಡು ಹೊಸ ತುದಿಗೆ ಒಪ್ಪಿಸುತ್ತವೆ. ಆದ್ದರಿಂದ ಜೋಡಣೆಗೆ ಹೊರಗಿನ ಶಕ್ತಿ ಬೇಡ, ಒಂದು ಅಕ್ಷರವೂ ಕಳೆದುಹೋಗುವುದಿಲ್ಲ. ಕ್ರೀ ಎಂಬ ಇನ್ನೊಂದು ಕಿಣ್ವ 34 ಪ್ರತ್ಯಾಮ್ಲ ಜೋಡಿಗಳ ಎರಡು ಗುರುತುಗಳ ನಡುವೆ ಕೆಲಸ ಮಾಡುತ್ತದೆ: ಗುರುತುಗಳು ಒಂದೇ ದಿಕ್ಕಿನಲ್ಲಿದ್ದರೆ ನಡುವಿನ ಭಾಗವನ್ನು ತೆಗೆದುಹಾಕುತ್ತದೆ, ಎದುರುಬದುರಾಗಿದ್ದರೆ ತಿರುಗಿಸಿಡುತ್ತದೆ.

ನಮ್ಮ ದೇಹದಲ್ಲಿ ಪ್ರತಿಕಾಯಗಳ ಜೀನುಗಳನ್ನು ಕತ್ತರಿಸಿ ಜೋಡಿಸುವ ರ್‍ಯಾಗ್ ಕಿಣ್ವ ಪುರಾತನ ಟ್ರಾನ್ಸ್‌ಪೋಸೇಸ್ ಒಂದರಿಂದ ಬಂದದ್ದೆಂದು ವಿಜ್ಞಾನಿಗಳು ತಿಳಿಯುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಕಿಣ್ವದ ಅಧ್ಯಯನ ನಡೆದಿದೆ. ಮಾನವನ ಡಿಎನ್‌ಎಯಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಸ್ಥಾನ ಬದಲಿಸುವ ಘಟಕಗಳಿಂದ ಬಂದದ್ದು. ದಢೇಸುಗೂರು, ಸಿಂಧನೂರು ಕಡೆ ಕಾಲುವೆ ನೀರಿನಲ್ಲಿ ಬೆಳೆಯುವ ಭತ್ತದಲ್ಲಿಯೂ ಅವು ಹೇರಳವಾಗಿವೆ.

ಕೊನೆಯ ವರ್ಷಗಳು

1957ರಿಂದ ಮಧ್ಯ ಮತ್ತು ದಕ್ಷಿಣ ಅಮೆರಿಕದ ನಾಟಿ ಮೆಕ್ಕೆಜೋಳಗಳ ವರ್ಣತಂತುಗಳನ್ನೂ ಅಭ್ಯಸಿಸಿದರು. ಆ ಗ್ರಂಥ 1981ರಲ್ಲಿ ಹೊರಬಂದಿತು. ನೊಬೆಲ್ ಘೋಷಣೆಯಾದಾಗ ಅವರಿಗೆ 81 ವರ್ಷ. ಮನೆಯಲ್ಲಿ ದೂರವಾಣಿ ಇರಲಿಲ್ಲವಾದ್ದರಿಂದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ತಿಳಿದರು. ಕಡೆಯವರೆಗೂ ಪ್ರಯೋಗಾಲಯಕ್ಕೆ ಹೋಗುತ್ತಿದ್ದ ಮೆಕ್‌ಕ್ಲಿಂಟಾಕ್ 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಹಂಟಿಂಗ್ಟನ್‌ನಲ್ಲಿ ನಿಧನರಾದರು. ಅವರ ಕಾಗದಪತ್ರಗಳು ಫಿಲಡೆಲ್ಫಿಯಾದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯ ಗ್ರಂಥಾಲಯದಲ್ಲಿವೆ.