ರಿಚರ್ಡ್ ಹ್ಯಾಕ್ಲೂಟನ ಚರಿತ್ರೆ

ಡ್ರೇಕ್, ಫ್ರಾಬಿಶರ್ ಮೊದಲಾದ ನಾವಿಕರ ಸಾಹಸಗಳನ್ನು ನಾವು ಭೂಗೋಳದ ತರಗತಿಗಳಲ್ಲಿ ಹೇಳಿಕೊಡುತ್ತ ಬಂದಿದ್ದೇವೆ. ಆದರೆ ಆ ವೃತ್ತಾಂತಗಳು ಅಳಿದುಹೋಗದಂತೆ ಕಾದಿಟ್ಟವನ ಹೆಸರನ್ನು ನಾವು ಹೇಳುವುದು ವಿರಳ. ಆತನೇ ಇಂಗ್ಲೆಂಡಿನ ಭೂಗೋಳಶಾಸ್ತ್ರಜ್ಞನಾದ ರಿಚರ್ಡ್ ಹ್ಯಾಕ್ಲೂಟನು.

ಈತನು ಸುಮಾರು ೧೫೫೨ರಲ್ಲಿ ಜನಿಸಿ, ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳೆದುಕೊಂಡನು. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದುತ್ತಿದ್ದಾಗ, ನ್ಯಾಯವಾದಿಯಾಗಿದ್ದ ತನ್ನದೇ ಹೆಸರಿನ ಹಿರಿಯ ದಾಯಾದಿಯ ಕೋಣೆಗೆ ಒಂದು ದಿನ ಹೋದನು. ಅಲ್ಲಿ ಭೂಗೋಳದ ಗ್ರಂಥಗಳೂ ಲೋಕದ ನಕ್ಷೆಯೊಂದೂ ಇದ್ದವು. ಹುಡುಗನ ಕುತೂಹಲವನ್ನು ಕಂಡ ಬಂಧುವು ಕೋಲಿನಿಂದ ಸಮುದ್ರಗಳನ್ನೂ ದೇಶಗಳನ್ನೂ ತೋರಿಸಿ, ಆಯಾ ದೇಶದ ಸರಕುಗಳನ್ನು ವಿವರಿಸಿ, ಕಡೆಗೆ ೧೦೭ನೆಯ ಕೀರ್ತನೆಯಲ್ಲಿ ಸಮುದ್ರಯಾತ್ರಿಕರ ವಿಷಯವಾಗಿರುವ ಭಾಗವನ್ನು ಓದಲು ಕೊಟ್ಟನು. ಈ ವಿದ್ಯೆಯನ್ನೇ ಸಾಧಿಸಬೇಕೆಂದು ಹುಡುಗನು ಅಂದೇ ನಿಶ್ಚಯಿಸಿದನು.

ಆಕ್ಸ್‌ಫರ್ಡಿನಲ್ಲಿ ವ್ಯಾಸಂಗಮಾಡಿ ೧೫೭೭ರಲ್ಲಿ ಎಂ.ಎ. ಪದವಿಯನ್ನು ಪಡೆದನು. ಗ್ರೀಕ್, ಲ್ಯಾಟಿನ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್ ಭಾಷೆಗಳಲ್ಲಿದ್ದ ಯಾತ್ರಾವೃತ್ತಾಂತಗಳನ್ನು ಹುಡುಕಿ ಓದಿದನು. ೧೫೮೩ರಲ್ಲಿ ಇಂಗ್ಲೆಂಡಿನ ರಾಯಭಾರಿಯ ಗುರುವಾಗಿ ಪ್ಯಾರಿಸಿಗೆ ಹೋದನು. ಫ್ರಾನ್ಸ್ ದೇಶವನ್ನು ದಾಟಿ ಆತನು ಎಂದೂ ಹೋಗಲಿಲ್ಲ. ಅಲ್ಲಿ ಅನ್ಯದೇಶಗಳ ನಾವಿಕರ ಸ್ತುತಿಯನ್ನೂ ಇಂಗ್ಲಿಷರ ಆಲಸ್ಯದ ನಿಂದೆಯನ್ನೂ ಕೇಳಿ ನೊಂದು, ಸ್ವದೇಶೀಯರ ಯಾತ್ರೆಗಳನ್ನೆಲ್ಲ ಒಂದೆಡೆ ಕೂಡಿಸಲು ತೊಡಗಿದನು.

ಇದಕ್ಕಾಗಿ ಆತನು ಪಟ್ಟ ಶ್ರಮಕ್ಕೆ ಒಂದು ನಿದರ್ಶನವು ಸಾಕು. ೧೫೩೬ರಲ್ಲಿ ನ್ಯೂಫೌಂಡ್‌ಲೆಂಡಿಗೆ ಹೋಗಿ, ಹಸಿವಿನಿಂದ ಘೋರವಾದ ಕಷ್ಟವನ್ನು ಅನುಭವಿಸಿದವರಲ್ಲಿ ಥಾಮಸ್ ಬಟ್ಸ್ ಎಂಬವನೊಬ್ಬನೇ ಬದುಕಿ ಉಳಿದಿದ್ದನು. ಆತನ ಬಾಯಿಂದಲೇ ನಿಜವನ್ನು ತಿಳಿಯಲು ಹ್ಯಾಕ್ಲೂಟನು ೨೦೦ ಮೈಲು ಕುದುರೆಯ ಮೇಲೆ ಪ್ರಯಾಣಮಾಡಿದನು. ಹೋಗದಿದ್ದರೆ ಆ ಕಥೆಯು ಮುದುಕನೊಂದಿಗೇ ಮಣ್ಣಾಗುತ್ತಿತ್ತು.

೧೫೮೯ರಲ್ಲಿ ಪ್ರಕಟವಾದ ಆತನ ಮಹಾಗ್ರಂಥವು ೧೫೯೮ರಿಂದ ೧೬೦೦ರ ವರೆಗೆ ಮೂರು ಸಂಪುಟಗಳಾಗಿ ಬೆಳೆಯಿತು. ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಬೆಳಗಾವಿ, ಬಿಜಾಪುರಗಳ ಮಾರ್ಗವಾಗಿ ಸಾಗಿದ ರಾಲ್ಫ್ ಫಿಚ್ಚನ ವೃತ್ತಾಂತವೂ ಅದರಲ್ಲಿದೆ. ಅಮೆರಿಕದಲ್ಲಿ ಇಂಗ್ಲಿಷರು ನೆಲೆಯೂರಬೇಕೆಂದೂ ಹ್ಯಾಕ್ಲೂಟನು ಬಲವಾಗಿ ವಾದಿಸಿದನು; ಅದರಿಂದ ಅಲ್ಲಿನ ಮೂಲನಿವಾಸಿಗಳಿಗೆ ಬಂದ ದುಃಖವನ್ನು ನಾವು ಮರೆಮಾಚಲಾಗದು.

೧೬೧೬ರ ನವೆಂಬರ್ ೨೩ರಂದು ಆತನು ತೀರಿಕೊಂಡನು. ಅಚ್ಚಾಗದೆ ಉಳಿದ ಕಾಗದಗಳಲ್ಲಿ ಅನೇಕವನ್ನು ಸ್ಯಾಮ್ಯುಯೆಲ್ ಪರ್ಚಸನು ೧೬೨೫ರಲ್ಲಿ ಬೆಳಕಿಗೆ ತಂದನು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಮನೆಯ ಹೊಣೆಯಿಂದಾಗಿ ದೂರದೇಶಗಳನ್ನು ನೋಡಲಾಗಲಿಲ್ಲವೆಂದು ನಿಮ್ಮಲ್ಲಿ ಕೆಲವರು ನಮ್ಮಲ್ಲಿ ಹೇಳಿಕೊಂಡದ್ದುಂಟು. ಕಂಡವರನ್ನು ಕೇಳಿ, ಕೇಳಿದ್ದನ್ನು ಬರೆದಿಡುವುದೂ ವಿದ್ಯೆಯೇ. ನಿಮ್ಮ ಮನೆಗಳಲ್ಲಿ ಹಿರಿಯರಿರುವಾಗಲೇ ಅದನ್ನು ಆರಂಭಿಸಿರಿ.