ಶ್ರೀರಾಮಪುರದ ವಿಲಿಯಂ ಕೇರಿ

ವಾರದ ರಜೆಯ ದಿನ ನಮ್ಮ ಹೋಟೆಲು ಬಂಧುಗಳು ಕಾಳೀಘಾಟಕ್ಕೆ ಹೋಗುತ್ತಾರೆ, ದಕ್ಷಿಣೇಶ್ವರಕ್ಕೆ ಹೋಗುತ್ತಾರೆ. ಗುಮಾಸ್ತ ಮಿತ್ರರು ಸಂಸಾರ ಸಮೇತರಾಗಿ ಶಿಬಪುರದ ಸಸ್ಯೋದ್ಯಾನಕ್ಕೆ ಹೋಗಿ ದೊಡ್ಡ ಆಲದ ಮರವನ್ನು ನೋಡಿ ಬರುತ್ತಾರೆ. ಶ್ರೀರಾಮಪುರಕ್ಕೆ ಹೋಗಿ ಬಂದೆವೆಂದು ಹೇಳಿದವರನ್ನು ಮಾತ್ರ ನಾವು ಹೆಚ್ಚಾಗಿ ಕಂಡಿಲ್ಲ. ಹಾವಡಾದಿಂದ ಲೋಕಲ್ ಗಾಡಿಯಲ್ಲಿ ಒಂದು ಗಂಟೆಯೂ ಹಿಡಿಯದ ಊರು ಅದು. ಹೂಗ್ಲಿ ನದಿಯ ಪಶ್ಚಿಮ ದಂಡೆಯಲ್ಲಿದೆ. ಒಂದು ಕಾಲಕ್ಕೆ ಡೆನ್ಮಾರ್ಕಿನ ದೊರೆಗೆ ಸೇರಿತ್ತು. 1812ನೆಯ ಇಸವಿ ಮಾರ್ಚಿ 11ರ ರಾತ್ರಿ ಆ ಊರಿನಲ್ಲಿ ಕನ್ನಡದ ಒಂದು ಗ್ರಂಥವು ಅಚ್ಚಾಗುವುದಕ್ಕೆ ಮುಂಚೆಯೇ ಸುಟ್ಟು ಬೂದಿಯಾಯಿತು. ಅದನ್ನು ಬರೆದಿದ್ದವನು ಕನ್ನಡ ನಾಡನ್ನು ಕಣ್ಣಿನಿಂದ ಕಂಡವನಲ್ಲ; ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಜೋಡು ಹೊಲಿಯುತ್ತಿದ್ದ ಬಡವ. ಅವನ ಹೆಸರು ವಿಲಿಯಂ ಕೇರಿ.

ಕೇರಿಯು 1761ನೆಯ ಆಗಸ್ಟ್ 17ರಂದು ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಮೊದಲು ನೇಕಾರ, ಆಮೇಲೆ ಊರ ಶಾಲೆಯ ಉಪಾಧ್ಯಾಯ. ಹುಡುಗನಿಗೆ ಹುಳು, ಹಕ್ಕಿ, ಗಿಡಗಳೆಂದರೆ ವಿಪರೀತ ಮೋಹ. ತಾನು ಮಲಗುವ ಕೋಣೆಯ ತುಂಬ ಅವನ್ನೇ ತಂದು ಇಟ್ಟುಕೊಂಡಿದ್ದನಂತೆ. ತೋಟಗಾರನಾಗಿದ್ದ ಚಿಕ್ಕಪ್ಪನೊಬ್ಬನು ಆ ಮೋಹವನ್ನು ಬೆಳೆಸಿದನು. ಹದಿನಾಲ್ಕರ ಪ್ರಾಯದಲ್ಲಿ ಜೋಡಿನ ಕೆಲಸಕ್ಕೆ ಸೇರಿಸಿದರು. ಆ ಅಂಗಡಿಯಲ್ಲಿ ಕುಳಿತೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಪುಸ್ತಕದಿಂದ ಕಲಿತನು. ಜೊತೆಯ ಕೆಲಸಗಾರನ ಒಡನಾಟದಿಂದ ದೇವರ ಕಡೆಗೆ ಮನಸ್ಸು ತಿರುಗಿತು. ಮುಂದೆ ಬ್ಯಾಪ್ಟಿಸ್ಟ್ ಪಂಗಡದ ಬೋಧಕನಾದನು. ಬಹು ಕಾಲದ ಮೇಲೆ ಕಲ್ಕತ್ತೆಯಲ್ಲಿ ಗವರ್ನರ್ ಜನರಲನ ಊಟದ ಮೇಜಿನಲ್ಲಿ, ಇವನು ಹಿಂದೆ ಜೋಡು ತಯಾರಿಸುತ್ತಿದ್ದವನಲ್ಲವೆ ಎಂದು ಯಾರೋ ಹಿರಿಯ ಸೇನಾಧಿಕಾರಿ ಪಿಸುಮಾತಿನಲ್ಲಿ ವಿಚಾರಿಸಿದಾಗ, ತಾನು ತಯಾರಿಸುವಷ್ಟು ದೊಡ್ಡವನಲ್ಲ, ಹರಿದುದನ್ನು ಹೊಲಿಯುವವನು ಮಾತ್ರವೆಂದು ಕೇರಿ ತಾನೇ ತಿದ್ದಿದನಂತೆ. ಮೇಜು ಒರೆಸಿ ಬಾಳು ಆರಂಭಿಸಿ ಅದನ್ನು ಮರೆಮಾಚುವ ನಮ್ಮಂಥವರು ಇದನ್ನು ಸ್ವಲ್ಪ ಗಮನಿಸಬಹುದು.

1792ರಲ್ಲಿ ಕೆಟರಿಂಗ್ ಎಂಬ ಊರಿನಲ್ಲಿ ಕೆಲವರು ಬೋಧಕರು ಸೇರಿ ಹದಿಮೂರು ಪೌಂಡು ಚಿಲ್ಲರೆ ಚಂದಾ ಕೂಡಿಸಿ ಒಂದು ಮಿಶನ್ ಸಂಘವನ್ನು ಸ್ಥಾಪಿಸಿದರು. ಹೋಗತಕ್ಕವನು ಯಾರೆಂಬುದಕ್ಕೆ ಕೇರಿಯೇ ಮುಂದಾದನು. ಆದರೆ ಅವನ ಹೆಂಡತಿ ದೊರೊತಿಗೆ ಮನಸ್ಸಿರಲಿಲ್ಲ. ಓದುಬರಹ ಬಾರದ ಹಳ್ಳಿಯ ಹೆಣ್ಣು. ಕೈಯಲ್ಲಿ ಎಳೆಯ ಕೂಸು. ಮೊದಲು ಬರುವುದೇ ಇಲ್ಲವೆಂದಳು. ಹಡಗಿನ ಪ್ರಯಾಣ ತಡವಾದ್ದರಿಂದ ಎರಡನೆಯ ಸಲ ಬಂದು ಒತ್ತಾಯಿಸಿದಾಗ, ತಂಗಿಯನ್ನು ಜೊತೆಗೆ ಕರೆದುಕೊಂಡು ಹೊರಟಳು. 1793ನೆಯ ನವೆಂಬರ್ 11ರಂದು ಸಂಸಾರ ಕಲ್ಕತ್ತೆಗೆ ಬಂದು ಮುಟ್ಟಿತು.

ಹೊಸದಾಗಿ ಈ ಪಟ್ಟಣದಲ್ಲಿ ಇಳಿದವನ ಪಾಡು ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಜೊತೆಗೆ ಬಂದಿದ್ದ ವೈದ್ಯ ಮಿತ್ರನ ಕೈಯಲ್ಲಿ ಇದ್ದ ಹಣವೆಲ್ಲ ಕರಗಿತು. ಕಂಪೆನಿ ಸರಕಾರಕ್ಕೆ ಪಾದ್ರಿಗಳು ಬೇಡವಾಗಿದ್ದರು. ಬಂಗಾಳಿ ಸಾಹುಕಾರನೊಬ್ಬನು ದಯೆ ತೋರಿ ಮಾಣಿಕತಲ್ಲಾದಲ್ಲಿ ತಲೆಯ ಮೇಲೊಂದು ಸೂರು ಕೊಟ್ಟನು. ಹೆಂಡತಿ ಮಕ್ಕಳು ರಕ್ತಭೇದಿಯಿಂದ ನರಳುತ್ತಿದ್ದರು. ಅಲ್ಲಿಂದ ಸುಂದರಬನದ ಅಂಚಿಗೆ, ಅಲ್ಲಿಂದ ಮಾಲ್ದಾ ಕಡೆಯ ಮದನಾವತಿ ಎಂಬಲ್ಲಿಗೆ, ನೀಲಿಯ ಕಾರ್ಖಾನೆಯ ಮೇಲ್ವಿಚಾರಕನಾಗಿ. 1794ರಲ್ಲಿ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ತೀರಿಕೊಂಡನು. ಆ ಮೇಲೆ ದೊರೊತಿಯ ಬುದ್ಧಿ ಕದಡಿಹೋಯಿತು, ಮರಳಿ ಸರಿಯಾಗಲಿಲ್ಲ. ಕೇರಿಯ ಶಾಂತಿಯ ವಿಷಯವಾಗಿ ಬರೆಯಲು ಕುಳಿತ ನಮಗೆ ಈ ಹೆಂಗಸಿನ ಹೆಸರನ್ನು ದಾಟಿ ಮುಂದೆ ಹೋಗುವುದು ಕಷ್ಟವಾಗಿದೆ. ಅವನು ಕರೆಯನ್ನು ಕೇಳಿ ಬಂದವನು. ಆಕೆ ಅವನನ್ನು ಹಿಂಬಾಲಿಸಿ ಬಂದವಳು.

1800ನೆಯ ಜನವರಿಯಲ್ಲಿ ಕೇರಿ ಶ್ರೀರಾಮಪುರಕ್ಕೆ ಬಂದನು. ಡೇನರ ಊರಾದ್ದರಿಂದ ಕಂಪೆನಿಯ ಕಾಟವಿರಲಿಲ್ಲ. ಶಾಲಾ ಉಪಾಧ್ಯಾಯ ಜೋಶುವಾ ಮಾರ್ಷ್‌ಮನ್, ಮುದ್ರಕ ವಿಲಿಯಂ ವಾರ್ಡ್ ಜೊತೆಯಾದರು. ಒಂದೇ ಮನೆ, ಒಂದೇ ಅಡಿಗೆ, ಒಂದೇ ಗಂಟು. ಮರುವರ್ಷ ಬಂಗಾಳಿಯ ಹೊಸ ಒಡಂಬಡಿಕೆ ಅಚ್ಚಾಯಿತು. ಅದೇ ವರ್ಷ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಕಲಿಸುವ ಕೆಲಸ ದೊರೆಯಿತು. ಮೊದಲು ತಿಂಗಳಿಗೆ 500, ಮುಂದೆ 1000 ರೂಪಾಯಿ ಸಂಬಳ. ಅದರ ಬಹುಭಾಗವೂ ಆ ಒಂದೇ ಗಂಟಿಗೆ ಸೇರಿತು. ವಾರಕ್ಕೊಮ್ಮೆ ದೋಣಿಯಲ್ಲಿ ಕಲ್ಕತ್ತೆಗೆ ಬಂದು ಲಾಲ್ ಬಜಾರಿನ ಬಳಿ ತಂಗಿ, ಕಾಲೇಜಿನ ಪಾಠ ಮುಗಿಸಿ ಪುನಃ ದೋಣಿಯಲ್ಲಿ ಹಿಂತಿರುಗುವನು. ಬಹುಬಜಾರಿನಲ್ಲಿ ಕೇರಿಯ ಹೆಸರಿನ ಇಗರ್ಜಿಯೊಂದು ಇಂದಿಗೂ ಇದೆ. 1809ರಲ್ಲಿ ತೆರೆದ ಪ್ರಾರ್ಥನಾ ಮಂದಿರವದು.

ಅವನ ಒಂದು ದಿನದ ಲೆಕ್ಕವನ್ನು 1806ರ ಒಂದು ಪತ್ರದಿಂದ ತಿಳಿಯಬಹುದಾಗಿದೆ. ಮುಂಜಾನೆ ಆರಕ್ಕೆ ಮೊದಲು ಎದ್ದು ಹೀಬ್ರೂ ಬೈಬಲಿನ ಒಂದು ಅಧ್ಯಾಯ, ಏಳರವರೆಗೆ ಏಕಾಂತ ಪ್ರಾರ್ಥನೆ, ಸೇವಕರೊಡನೆ ಬಂಗಾಳಿಯಲ್ಲಿ ಪ್ರಾರ್ಥನೆ. ಚಹಾ ಸುರಿಯುವಷ್ಟರಲ್ಲಿ ಮುನ್ಷಿಯೊಡನೆ ಫಾರಸಿ, ಉಪಾಹಾರದ ನಂತರ ಪಂಡಿತನೊಡನೆ ಸಂಸ್ಕೃತ ರಾಮಾಯಣದ ಭಾಷಾಂತರ, ಹತ್ತಕ್ಕೆ ಕಾಲೇಜು. ಮಧ್ಯಾಹ್ನ ಬಂಗಾಳಿ ಕರಡಚ್ಚು ತಿದ್ದುವುದು, ಮತ್ತಾಯನ ಸುವಾರ್ತೆಯನ್ನು ಸಂಸ್ಕೃತಕ್ಕೆ ತಿರುಗಿಸುವುದು. ಸಂಜೆ ತೆಲುಗು ಪಂಡಿತ. ರಾತ್ರಿ ಹನ್ನೊಂದರವರೆಗೆ ಪುನಃ ಬಂಗಾಳಿ. ಮಲಗುವ ಮುನ್ನ ಗ್ರೀಕಿನಲ್ಲಿ ಒಂದು ಅಧ್ಯಾಯ. ಹದಿನಾರು ಗಂಟೆಯ ದುಡಿಮೆಯನ್ನು ನಮ್ಮ ಒಲೆಯ ಮುಂದಿನ ಮಿತ್ರರು ಬಲ್ಲರು. ಆದರೆ ಅವರಿಗೆ ಅದು ಹೊಟ್ಟೆಯ ಪಾಡು. ಇವನಿಗೆ ಮೊದಲನೆಯ ಅಧ್ಯಾಯ ಮತ್ತು ಕಡೆಯ ಅಧ್ಯಾಯ ಇವೆರಡರ ನಡುವೆ ದಿನವು ಹಗ್ಗದಂತೆ ಬಿಗಿದು ನಿಂತಿತ್ತು. ಪಕ್ಕದ ಕೋಣೆಯಲ್ಲಿ ದೊರೊತಿಯ ಕೂಗಾಟ ಕೇಳುತ್ತಲೇ ಅವನು ಭಾಷಾಂತರ ಮಾಡುತ್ತಿದ್ದನೆಂದು ಮಾರ್ಷ್‌ಮನ್ನನ ಮಗ ದಾಖಲೆ ಮಾಡಿದ್ದಾನೆ. 1807ನೆಯ ಡಿಸೆಂಬರಿನಲ್ಲಿ ಆಕೆ ಕಣ್ಣು ಮುಚ್ಚಿದಳು. ಆಕೆಯನ್ನು ಹುಚ್ಚರ ಆಸ್ಪತ್ರೆಗೆ ದೂಡದೆ ಕಡೆಯವರೆಗೂ ಮನೆಯಲ್ಲಿಯೇ ಇಟ್ಟುಕೊಂಡನೆಂಬುದನ್ನು ಅವನ ಪಕ್ಷದಲ್ಲಿ ಹೇಳಬೇಕು. ಅಷ್ಟರಿಂದ ಆಕೆಯ ಲೆಕ್ಕ ತೀರಿತೆಂದು ನಾವು ಹೇಳಲಾರೆವು.

ಇನ್ನು ಆ ಬೆಂಕಿಯ ವಿಷಯ. ಮಾರ್ಚಿ 11ರ ಸಂಜೆ ಶ್ರೀರಾಮಪುರದ ಮುದ್ರಣಾಲಯದ ಕಾಗದದ ರಾಶಿಗೆ ಬೆಂಕಿ ತಗಲಿತು. ಕೇರಿ ಕಲ್ಕತ್ತೆಯಲ್ಲಿದ್ದನು. ವಾರ್ಡನು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿಸಿ, ಮೇಲಿನಿಂದ ನೀರು ಹೊಯಿಸಿ, ಗಂಟೆಗಟ್ಟಲೆ ಹೋರಾಡಿದನು. ಯಾರೋ ತಿಳಿಯದೆ ಕಿಟಕಿ ತೆರೆದರು; ಗಾಳಿ ಹೊಕ್ಕಿತು; ನಡುರಾತ್ರಿಗೆ ಛಾವಣಿ ಕುಸಿಯಿತು. ಹದಿನಾಲ್ಕು ಭಾಷೆಗಳ ಅಚ್ಚಿನ ಮೊಳೆಗಳು ಕರಗಿ ಸೀಸದ ಮುದ್ದೆಯಾದುವು. ಸುಮಾರು ಹತ್ತು ಸಾವಿರ ಪೌಂಡಿನ ನಷ್ಟ. ಹಣದಿಂದ ಬಾರದ ನಷ್ಟ ಬೇರೆ ಇತ್ತು. ಸಂಸ್ಕೃತದೊಡನೆ ಇತರ ಭಾರತೀಯ ಭಾಷೆಗಳನ್ನು ಹೊಂದಿಸಿ ವರ್ಷಗಟ್ಟಲೆ ಬರೆದಿದ್ದ ಮಹಾ ನಿಘಂಟು, ತೆಲುಗು ವ್ಯಾಕರಣ, ರಾಮಾಯಣದ ಒಂದು ಭಾಗ, ಮತ್ತು ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ. ಎರಡನೆಯ ಪ್ರತಿ ಇರಲಿಲ್ಲ.

ಮರುದಿನ ಮಾರ್ಷ್‌ಮನ್ ಕಲ್ಕತ್ತೆಗೆ ಹೋಗಿ ಸುದ್ದಿ ಹೇಳಿದಾಗ ಕೇರಿ ಕಣ್ಣೀರು ಹಾಕಿದನು. ಆ ಮೇಲೆ ಬಂದು ಬೂದಿಯ ನಡುವೆ ತಿರುಗಾಡಿದನು. ಮುಂದಿನ ಭಾನುವಾರದ ಉಪದೇಶಕ್ಕೆ ಅವನು ಆರಿಸಿಕೊಂಡದ್ದು ಕೀರ್ತನೆಗಳಲ್ಲಿ 46ನೆಯದು. ಮನುಷ್ಯನು ಸುಮ್ಮನಾಗಿ ದೇವರು ದೇವರೆಂಬುದನ್ನು ತಿಳಿಯಬೇಕೆಂಬ ಅಭಿಪ್ರಾಯದ ಮಾತು ಅದರಲ್ಲಿದೆ. ನಮ್ಮನ್ನು ತನ್ನ ಇಷ್ಟದಂತೆ ನಡೆಸುವ ಹಕ್ಕು ದೇವರಿಗಿದೆ, ಅದಕ್ಕೆ ಒಪ್ಪಿ ನಡೆಯುವುದು ನಮ್ಮ ಕರ್ತವ್ಯ, ಇಷ್ಟೇ ಅಂದಿನ ಉಪದೇಶದ ತಿರುಳು. ನಾವು ಹೋಟೆಲು ನಡೆಸುತ್ತಿದ್ದಾಗ ಒಮ್ಮೆ ಉಗ್ರಾಣಕ್ಕೆ ಕಿಡಿ ತಗಲಿ ನಾಲ್ಕು ಮೂಟೆ ಅಕ್ಕಿಯೂ ಮೂರು ವರ್ಷದ ಲೆಕ್ಕದ ಪುಸ್ತಕಗಳೂ ಹೋದುವು. ಒಂದು ತಿಂಗಳು ನಾವು ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಅಡಿಗೆಯ ಭಟ್ಟರನ್ನು ನಿಷ್ಕಾರಣವಾಗಿ ಗದರಿಸಿದೆವು. ಆದುದರಿಂದ, ಸುಮ್ಮನಾಗುವುದೆಂದರೆ ಕೈಕಟ್ಟಿ ಕೂರುವುದೆಂದು ಯಾರಾದರೂ ಭಾವಿಸಿದರೆ ನಾವು ಒಪ್ಪುವವರಲ್ಲ. ಕೇರಿಯ ಜನ ಮಾಡಿದ್ದೇನು? ಬೂದಿಯನ್ನು ಕೆದಕಿದರು. ಮೊಳೆಗಳನ್ನು ಮಾಡುವ ಉಕ್ಕಿನ ಅಚ್ಚುಗಳು ಕೆಡದೆ ಸಿಕ್ಕಿದುವು. ಬೇರೆ ಕೋಣೆಯಲ್ಲಿದ್ದ ಮುದ್ರಣಯಂತ್ರಗಳು ಉಳಿದಿದ್ದುವು. ಕರಗಿದ ಸೀಸವನ್ನೇ ತಿರುಗಿ ಎರಕ ಹೊಯ್ದರು. ಪಂಚಾನನ ಕರ್ಮಕಾರನ ಅಳಿಯ ಮನೋಹರನೂ ಅವನ ಕೆಲಸಗಾರರೂ ಹಗಲಿರುಳು ದುಡಿದರು. ಈ ಬಂಗಾಳಿ ಕಮ್ಮಾರರ ಹೆಸರು ಕೇರಿಯ ಹೆಸರಿನಷ್ಟು ಕೇಳಿಬಾರದಿರುವುದು ನ್ಯಾಯವಲ್ಲ. ನಡೆದ ದಾರಿಯಲ್ಲಿ ಎರಡನೆಯ ಸಲ ನಡೆಯುವುದು ಬೇಸರವಾದರೂ ಹೆಜ್ಜೆ ಹೆಚ್ಚು ಗಟ್ಟಿಯಾಗಿರುತ್ತದೆಂದು ಕೇರಿ ಮಿತ್ರರಿಗೆ ಬರೆದನು.

ಮಾತಿನಂತೆಯೇ ನಡೆಯಿತು. 1817ರಲ್ಲಿ ಅವನ ಕರ್ಣಾಟ ಭಾಷೆಯ ವ್ಯಾಕರಣವು ಶ್ರೀರಾಮಪುರದಲ್ಲಿ ಅಚ್ಚಾಯಿತು. ಸುಟ್ಟುಹೋದ ಹೊಸ ಒಡಂಬಡಿಕೆಯನ್ನು ತಿರುಗಿ ಬರೆದು 1820ರ ದಶಕದ ಆರಂಭದಲ್ಲಿ ಹೊರತಂದರು. ಸತ್ಯವನ್ನು ಹೇಳಬೇಕೆಂದರೆ, ಆ ಕನ್ನಡ ಬಾಳಲಿಲ್ಲ. ಕನ್ನಡದ ನೆಲದಿಂದ ಅಷ್ಟು ದೂರ ಕುಳಿತು, ಪಂಡಿತರ ನೆರವಿನಿಂದ ಹತ್ತಾರು ಭಾಷೆಗಳಿಗೆ ಒಟ್ಟಿಗೆ ಕೈ ಹಾಕಿದವನ ಬರಹದಲ್ಲಿ ಬಿಗಿತವಿರುವುದು ಸಹಜ. ಬಳ್ಳಾರಿಯಲ್ಲಿ ಜನರ ನಡುವೆ ಬಾಳಿದ ಜಾನ್ ಹ್ಯಾಂಡ್ಸ್ ಮೊದಲಾದವರ ಭಾಷಾಂತರವೇ ಮುಂದೆ ಬಳಕೆಗೆ ಬಂತು. ಆದಾಗ್ಯೂ ಹೂಗ್ಲಿಯ ದಂಡೆಯಲ್ಲಿ ಕನ್ನಡದ ಮೊಳೆಗಳನ್ನು ಎರಡು ಸಲ ಎರಕ ಹೊಯ್ದ ಈ ಜನರನ್ನು ನಾವು ಪರಕೀಯರೆನ್ನಲಾರೆವು. ಪತ್ರಿಕೆಯ ವ್ಯವಸಾಯದವರಾದ ನಮಗೆ ಇನ್ನೊಂದು ಋಣವೂ ಇದೆ. 1818ರಲ್ಲಿ ಇದೇ ಮುದ್ರಣಾಲಯದಿಂದ ಸಮಾಚಾರ ದರ್ಪಣವೆಂಬ ಬಂಗಾಳಿ ಪತ್ರಿಕೆ ಹೊರಟಿತು. ಕನ್ನಡಕ್ಕೆ ಮಂಗಳೂರ ಸಮಾಚಾರ ಬಂದುದು 1843ರಲ್ಲಿ.

ಇಷ್ಟೆಲ್ಲ ದುಡಿಮೆಯ ನಡುವೆ ಅವನು ಉಸಿರು ಬಿಡುತ್ತಿದ್ದುದು ತೋಟದಲ್ಲಿ. ಶ್ರೀರಾಮಪುರದಲ್ಲಿ ಸುಮಾರು ಐದು ಎಕರೆ ನೆಲದಲ್ಲಿ ಅವನು ಬೆಳೆಸಿದ ಸಸ್ಯೋದ್ಯಾನವು ಆ ಕಾಲದಲ್ಲಿ ಬಹು ಪ್ರಸಿದ್ಧವಾಗಿತ್ತು. ಬೆಳಗಿನ ಪ್ರಾರ್ಥನೆಗೂ ಅಲ್ಲಿಗೇ ಹೋಗುವನು. ಶಿಬಪುರದ ಉದ್ಯಾನದ ಅಧಿಕಾರಿ ರಾಕ್ಸ್‌ಬರ್ಗ್ ಆಪ್ತಮಿತ್ರ. ಅವನ ಸಸ್ಯಶಾಸ್ತ್ರ ಗ್ರಂಥಗಳನ್ನು ಅವನ ಮರಣಾನಂತರವೂ ಕೇರಿ ಸಂಪಾದಿಸಿ ಅಚ್ಚು ಹಾಕಿಸಿದನು. ಮಿತ್ರನು ಒಂದು ಮರದ ಜಾತಿಗೆ ಕೇರಿಯ ಹೆಸರನ್ನಿಟ್ಟನು. ಅದು ನಮಗೆ ಅಪರಿಚಿತವಲ್ಲ; ಘಟ್ಟದ ಕಾಡುಗಳಲ್ಲಿ ಬೇಸಗೆಯಲ್ಲಿ ಕುಚ್ಚಿನಂಥ ದೊಡ್ಡ ಹೂ ಬಿಡುವ ಕವಲು ಮರವೇ ಅದು. ಊರಿನಲ್ಲಿ ಆ ಮರದ ಕೆಳಗೆ ಆಡಿದ ಹುಡುಗರು ಈ ಪಟ್ಟಣಕ್ಕೆ ಬಂದು ಲೋಟ ತೊಳೆಯುತ್ತಿದ್ದಾರೆ. ಆ ಮರದ ಹೆಸರಿನವನು ಇದೇ ಹೊಳೆಯ ದಂಡೆಯಲ್ಲಿ ಮಲಗಿದ್ದಾನೆ.

ಒಮ್ಮೆ ಇಂಗ್ಲೆಂಡಿನಿಂದ ಬೀಜದ ಚೀಲವೊಂದು ಬಂತು. ಬೀಜಗಳನ್ನು ತೆಗೆದು ಬರಿಯ ಚೀಲವನ್ನು ತೋಟದ ನೆರಳಿನ ಮೂಲೆಯಲ್ಲಿ ಕೊಡವಿದನು. ಕೆಲವು ದಿನಗಳಲ್ಲಿ ಅಲ್ಲಿ ಒಂದು ಡೇಸಿ ಹೂವಿನ ಗಿಡ ಮೊಳೆಯಿತು. ಅವನ ಹಳ್ಳಿಯ ಹುಲ್ಲುಗಾವಲಿನಲ್ಲಿ ಯಾರೂ ತಿರುಗಿ ನೋಡದ ಪುಟ್ಟ ಹೂ. ತಾಯ್ನಾಡನ್ನು ಬಿಟ್ಟ ಮೇಲೆ ಕಂಡಿರಲಿಲ್ಲ. ಇಷ್ಟು ಸೊಗಸಾದ ಸಂತೋಷವನ್ನು ಬೇರೆ ಯಾವುದರಿಂದಲೂ ಪಡೆಯಲಿಲ್ಲವೆಂಬಂತೆ ಆ ಬೀಜ ಕಳುಹಿಸಿದವನಿಗೆ ಕಾಗದ ಬರೆದನು. ಅದು ಇಲ್ಲಿನ ಹವೆಗೆ ನಿಲ್ಲುವ ಗಿಡವಲ್ಲ. ವರ್ಷ ವರ್ಷವೂ ಬೀಜ ಕಾದಿಟ್ಟು ತಿರುಗಿ ಬಿತ್ತುತ್ತಿದ್ದನು. ನಲವತ್ತೊಂದು ವರ್ಷ ಅವನು ಊರಿಗೆ ಹೋಗಲೇ ಇಲ್ಲ.

1823ರ ಅಕ್ಟೋಬರಿನಲ್ಲಿ ರಾತ್ರಿ ದೋಣಿಯಿಂದ ಇಳಿಯುವಾಗ ಬಿದ್ದು ತೊಡೆಗೆ ಪೆಟ್ಟಾಯಿತು, ಜ್ವರ ಹಿಡಿಯಿತು. ಮಲಗಿದಲ್ಲಿಂದ ಏಳುವ ಮೊದಲೇ ದಾಮೋದರ ನದಿಯ ನೆರೆ ನುಗ್ಗಿ ತೋಟವನ್ನೂ ವಾಸದ ಮನೆಯನ್ನೂ ಕೆಡಿಸಿತು. ಅವನು ಎದ್ದು ಪುನಃ ನೆಟ್ಟನು. 1829ನೆಯ ಡಿಸೆಂಬರಿನಲ್ಲಿ ಸತೀಪದ್ಧತಿಯನ್ನು ನಿಷೇಧಿಸುವ ಕಾಯಿದೆಯ ಪ್ರತಿ ಭಾಷಾಂತರಕ್ಕಾಗಿ ಬಂತು. ಅದು ಭಾನುವಾರ, ಉಪದೇಶಕ್ಕೆ ಹೊರಟು ನಿಂತಿದ್ದನು. ಉಪದೇಶವನ್ನು ಬೇರೆಯವರಿಗೆ ಒಪ್ಪಿಸಿ, ಪಂಡಿತನನ್ನು ಕರೆಸಿ, ಸಂಜೆಯೊಳಗೆ ಬಂಗಾಳಿಗೆ ತಿರುಗಿಸಿ ಮುಗಿಸಿದನು. ಒಂದು ದಿನ ತಡವಾದರೆ ಎಷ್ಟು ಜೀವ ಹೋಗುವುದೋ ಎಂಬ ತಳಮಳ. ಭಾನುವಾರದ ಪವಿತ್ರತೆಯನ್ನು ಅಷ್ಟು ಬಿಗಿಯಾಗಿ ಪಾಲಿಸುತ್ತಿದ್ದವನ ಈ ಕೆಲಸ ನಮಗೆ ಅವನ ಎಲ್ಲ ಉಪದೇಶಗಳಿಗಿಂತ ಹೆಚ್ಚು ಮೆಚ್ಚುಗೆಯಾಗಿದೆ.

ಕಡೆಯ ದಿನಗಳಲ್ಲಿ ಕುರ್ಚಿಯಲ್ಲಿ ಕೂರಿಸಿ ತೋಟಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಅದೂ ಆಗದಾದಾಗ ಹಿರಿಯ ಮಾಲಿಯು ಕೋಣೆಗೇ ಬಂದು ಯಾವ ಗಿಡ ಹೇಗಿದೆಯೆಂದು ವರದಿ ಮಾಡುವನು. ತಾನು ಹೋದ ಮೇಲೆ ಮಾರ್ಷ್‌ಮನ್ ತೋಟಕ್ಕೆ ದನಗಳನ್ನು ಬಿಟ್ಟುಬಿಡುವನೆಂಬ ಚಿಂತೆ ಒಮ್ಮೆ ಬಾಯಿಗೆ ಬಂದುಬಿಟ್ಟಿತಂತೆ. ಶಾಂತಿ ಪಡೆದ ಮಹಾಪುರುಷನಿಗೂ ದನಗಳ ಚಿಂತೆ ಬಿಟ್ಟಿರಲಿಲ್ಲವೆಂಬುದು ನಮಗೆ ಸಮಾಧಾನ ಕೊಟ್ಟಿತು. ಮಾರ್ಷ್‌ಮನ್ ದನಗಳನ್ನು ಬಿಡಲಿಲ್ಲ. ಆದರೆ ತೋಟ ಉಳಿಯಲಿಲ್ಲ, ಮುಂದೆ ಆ ಕಡೆ ಸೆಣಬಿನ ಗಿರಣಿ ಎದ್ದಿತು. 1820ರಲ್ಲಿ ಅವನು ಸ್ಥಾಪಿಸಿದ ಕೃಷಿ ಮತ್ತು ತೋಟಗಾರಿಕೆಯ ಸಂಘದ ಉದ್ಯಾನ ಮಾತ್ರ ಅಲಿಪುರದಲ್ಲಿದೆ. 1818ರಲ್ಲಿ ಆರಂಭಿಸಿದ ಕಾಲೇಜು ಶ್ರೀರಾಮಪುರದಲ್ಲಿ ನಡೆದಿದೆ.

ಕೇರಿಯು 1834ನೆಯ ಜೂನ್ 9ರ ಮುಂಜಾನೆ ಕಾಲವಾದನು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದುದೂ ಅದೇ ವರ್ಷ. ತನ್ನ ಕಲ್ಲಿನ ಮೇಲೆ ಹೆಸರು, ಹುಟ್ಟಿದ ಮತ್ತು ಸತ್ತ ದಿನ, ಐಸಾಕ್ ವಾಟ್ಸನ ಒಂದು ಭಕ್ತಿಗೀತದ ಎರಡು ಸಾಲು ಹೊರತು ಇನ್ನೇನನ್ನೂ ಕೆತ್ತಿಸಬಾರದೆಂದು ಮರಣಶಾಸನದಲ್ಲಿ ಬರೆಸಿದ್ದನು. ತಾನೊಂದು ದೀನವಾದ ಹುಳುವೆಂಬ ಭಾವ ಆ ಸಾಲುಗಳಲ್ಲಿದೆ. ಎರಡನೆಯ ಹೆಂಡತಿ ಷಾರ್ಲಟಳ ಪಕ್ಕದಲ್ಲಿ ತನ್ನನ್ನು ಇಡಬೇಕೆಂದೂ ಬರೆಸಿದ್ದನು, ಹಾಗೆಯೇ ಇಟ್ಟರು. ದೊರೊತಿಯೂ ಅದೇ ಸ್ಮಶಾನದಲ್ಲಿದ್ದಾಳೆ. ನಿಲ್ದಾಣದಿಂದ ರಿಕ್ಷಾ ಹಿಡಿದರೆ ಸ್ವಲ್ಪವೇ ದೂರ. ಹೋಗುವ ವಾಚಕರು ಆಕೆಗೂ ಎರಡು ಹೂ ಒಯ್ಯಬೇಕೆಂದು ನಮ್ಮ ಕೋರಿಕೆ.